ಲೇಬಲ್ಲಿಲ್ಲದ ಕ್ರೀಮು, ಇಪ್ಪತ್ಮೂರು ಮುಖ

ಮನಗೂಳಿಯ ಟೀಚರ್ ಹುಡುಗಿ ಮೊದಲ ಸಲ ನನ್ನ ಪಾರ್ಲರಿನ ಮೆಟ್ಟಿಲು ಹತ್ತಿ ಬಂದಾಗ ದೀಪಾವಳಿಗೆ ಎರಡು ವಾರವಿತ್ತು. ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಒಂದೇ ಕೋಣೆ ನನ್ನದು. ಎರಡು ಕುರ್ಚಿ, ಒಂದು ಸ್ಟೀಮರ್, ಪೂರ್ವಕ್ಕೆ ಒಂದು ಕಿಟಕಿ. ಅವಳು ಕುರ್ಚಿಯಲ್ಲಿ ಕೂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ಅಕ್ಕಾ, ಮೊಡವಿ ಹೋದ್ವು, ಕಲಿ ಉಳದಾವ. ಸಾಲ್ಯಾಗ ಹುಡುಗ್ರು ಎಣಿಸ್ತಾವ. ಮೊನ್ನೆ ಒಂದು ಹುಡುಗಿ, ಟೀಚರ್ ನಿಮ್ಮ ಎಡಗಡೆ ಹದಿನಾಲ್ಕು ಅದಾವು ಅಂತು."

ಖಾಸಗಿ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದಳು. ಇಪ್ಪತ್ನಾಲ್ಕು ವಯಸ್ಸಿರಬಹುದು. ನಾನು ಹತ್ತಿಯಿಂದ ಮುಖ ಒರೆಸಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳ ತುದಿಯನ್ನು ಕೆನ್ನೆಯ ಮೇಲೆ ನಿಧಾನಕ್ಕೆ ಎಳೆದು ನೋಡಿದೆ. ಕಣ್ಣಿಗೆ ಕಪ್ಪಾಗಿ ಕಂಡದ್ದು ಬೆರಳಿಗೆ ತಿಳಿಯದಿದ್ದರೆ ಅದು ಕಲೆ. ಬೆರಳು ಇಳಿದರೆ ಗುಳಿ. ಗುಳಿಗೆ ಪಾರ್ಲರಿನಲ್ಲಿ ಉಪಾಯವಿಲ್ಲ. ಕಲೆಗೆ ಇದೆ, ಆದರೆ ತಡ. ಅವಳಿಗಿದ್ದದ್ದು ಹೆಚ್ಚುಕಡಿಮೆ ಎಲ್ಲ ಕಲೆಯೇ.

"ಮೂರು ವಾರಕ್ಕೊಮ್ಮೆ ಹಗುರಾಗಿ ಒಂದು ಪೀಲ್ ಮಾಡೋಣು. ದಿನಾ ಮುಂಜಾನೆ ಸನ್‌ಸ್ಕ್ರೀನ್, ಮೋಡ ಇದ್ರೂ ಬಿಡಬ್ಯಾಡ. ಉಗುರು ಹಚ್ಚಬ್ಯಾಡ. ಆರು ತಿಂಗಳು ಹಿಡಿತೈತಿ," ಎಂದೆ.

"ಆರು ತಿಂಗಳಾ?" ಎಂದಳು, ಶಿಕ್ಷೆ ಕೇಳಿದವಳ ಹಾಗೆ.

ಎರಡು ಸಲ ಪೀಲ್ ಮಾಡಿದೆ. ಮೇಲಿನ ಸತ್ತ ಚರ್ಮ ಕಳಚುವ ಹಣ್ಣಿನ ಆಮ್ಲದ ದ್ರಾವಣ, ಕಡಿಮೆ ಪ್ರಮಾಣದ್ದು. ಕಣ್ಣು, ತುಟಿ, ಮೂಗಿನ ಮಗ್ಗುಲಿಗೆ ವ್ಯಾಸಲಿನ್ ಹಚ್ಚಿ, ಬ್ರಶ್ಶಿನಿಂದ ಹಣೆಯಿಂದ ಶುರು ಮಾಡಿ ಕೆನ್ನೆಗೆ ಕೊನೆಗೆ ಬರಬೇಕು. ಗಡಿಯಾರ ನೋಡಿ ಎರಡು ನಿಮಿಷ, ಆಮೇಲೆ ತಣ್ಣೀರು. ಕಲೆಗಳ ಅಂಚು ತುಸು ಮಸುಕಾಗಿತ್ತು. ನನಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ. "ಏನೂ ಫರಕ್ ಬಿದ್ದಿಲ್ರಿ" ಎಂದು ಎರಡನೆಯ ಸಲ ಎದ್ದು ನಿಂತಳು. ಮೂರನೆಯ ಸಲ ಬರುವುದಿಲ್ಲವೆಂದು ಅವಳ ಬೆನ್ನು ನೋಡಿಯೇ ಗೊತ್ತಾಯಿತು.

ಆಗ ನಾನು ಕಪಾಟಿನಿಂದ ಆ ಬಿಳಿ ಡಬ್ಬಿ ತೆಗೆದೆ.

ಪಾರ್ಲರಿನ ಸಾಮಾನು ಕೊಡುವ ವಿಜಯಪುರದ ವ್ಯಾಪಾರಿಯೊಬ್ಬ ಹಿಂದಿನ ತಿಂಗಳು ಐದಾರು ಡಬ್ಬಿ ಕೊಟ್ಟಿದ್ದ. ಕಲೆಗೆ ರಾಮಬಾಣ ಅಂದಿದ್ದ. ಡಬ್ಬಿಯ ಮೇಲೆ ಮಾಡಿದವರ ಹೆಸರಿಲ್ಲ, ಒಳಗೇನಿದೆ ಎಂಬ ಪಟ್ಟಿಯಿಲ್ಲ, ಬ್ಯಾಚ್ ನಂಬರಿಲ್ಲ. ಗುಲಾಬಿ ವಾಸನೆಯ ಬಿಳಿ ಕ್ರೀಮು. ನನ್ನ ಮುಂಗೈಗೆ ಎರಡು ದಿನ ಹಚ್ಚಿ ನೋಡಿದ್ದೆ, ತುರಿಕೆ ಬರಲಿಲ್ಲ. ಅದನ್ನೇ ಪರೀಕ್ಷೆ ಎಂದು ತಿಳಿದಿದ್ದೆ.

ಹನ್ನೆರಡನೆಯ ದಿನಕ್ಕೆ ಅವಳ ಕೆನ್ನೆ ಹೊಳೆಯುತ್ತಿತ್ತು. ಕಲೆಗಳು ನೀರಿನಲ್ಲಿ ಕದಡಿದ ಶಾಯಿಯಷ್ಟು ತೆಳ್ಳಗಾಗಿದ್ದವು. ನಾನು ಅವಳ ಹಿಂದಿನ ಫೋಟೋ, ಈಗಿನ ಫೋಟೋ ಎರಡನ್ನೂ ಜೋಡಿಸಿ ವಾಟ್ಸಪ್ ಸ್ಟೇಟಸ್ಸಿಗೆ ಹಾಕಿದೆ. ಆಕೆಯನ್ನು ಕೇಳಿಯೇ ಹಾಕಿದೆ, ನಾಚಿಕೊಂಡು ಹೂಂ ಅಂದಿದ್ದಳು. ಮದುವೆ ಹಂಗಾಮಿನಲ್ಲಿ ಮೇಕಪ್ಪಿಗೆಂದು ನಾನು ಇಂಡಿ, ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳ ಅಂತ ತಿರುಗುವವಳು. ಹೋದಲ್ಲೆಲ್ಲ "ಆ ಕ್ರೀಮ್ ತಂದೀರೇನ್ರಿ?" ಎಂದು ಕೇಳಿದರು. ತಂದಿದ್ದೆ, ವ್ಯಾಪಾರಿಯಿಂದ ಮತ್ತೆ ಮತ್ತೆ ತರಿಸಿಕೊಂಡು.

ಮಾರ್ಚಿನ ಒಂದು ಮಧ್ಯಾಹ್ನ ಟೀಚರ್ ಹುಡುಗಿ ಮುಖಕ್ಕೆ ಪೂರ್ತಿ ದುಪಟ್ಟಾ ಸುತ್ತಿಕೊಂಡು ಬಂದಳು. ನಮ್ಮ ಬಿಸಿಲಿಗೆ ಹಾಗೆ ಸುತ್ತಿಕೊಳ್ಳದವರು ಕಡಿಮೆ, ಆದ್ದರಿಂದ ನಾನು ಗಮನಿಸಲಿಲ್ಲ. ಒಳಗೆ ಬಂದು ಬಿಚ್ಚಿದಳು. ಕೆನ್ನೆಗಳು ಬಾತು, ಬೆಂದ ಹಾಗೆ ಕೆಂಪಾಗಿದ್ದವು. ಗದ್ದದ ತುಂಬ ಒಂದೇ ಅಳತೆಯ ಸಣ್ಣ ಗುಳ್ಳೆ. ಮೂಗಿನ ಮಗ್ಗುಲಲ್ಲಿ ಕೆಂಪು ದಾರದಂಥ ನರಗಳು. ಕಿವಿಯ ಮುಂದೆ ಮೊದಲು ಇರದಿದ್ದ ಕೂದಲು.

"ಟ್ರೇನಿಂಗಿಗೆ ಹೋಗಿದ್ನಿ ಅಕ್ಕಾ, ಡಬ್ಬಿ ಒಯ್ಯೂದು ಮರ್ತಿದ್ನಿ. ನಾಕನೇ ದಿನಕ್ಕ ಉರಿ ಚಾಲೂ ಆತು. ನೀರು ಬಿದ್ರೂ ಬೆಂಕಿ ಬಿದ್ದಂಗ ಆಗ್ತೈತಿ. ಡಬ್ಬಿ ಕೊಡ್ರಿ, ಹಚ್ಕೊಂಡ್ರ ಹೋಗ್ತೈತಿ."

"ಹೋಗ್ತೈತಿ ಅಂತ ಹೆಂಗ ಗೊತ್ತು?"

"ಹಿಂದೂ ಒಂದ್ಸಲ ಆಗಿತ್ರಿ. ಹಚ್ಚಿದ್ನಿ, ಹೋತು. ನಾಳೆ ಪಾಲಕರ ಸಭೆ ಐತ್ರಿ, ಹಿಂಗ ಹೆಂಗ ನಿಂದರ್ಲಿ?"

ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಮುಖದ ಮೇಲಿಟ್ಟೆ. ನೀರು ತಾಗಿದಾಗ ಅವಳ ಕಾಲಬೆರಳು ಮುದುರಿದವು. ನನ್ನ ಕಲಿಕೆ, ಅನುಭವ ಎರಡೂ ಏನೋ ತಪ್ಪಿದೆ ಎಂದು ಹೇಳುತ್ತಿದ್ದವು. ಆದರೂ ಕೊಟ್ಟೆ. ಇದನ್ನು ಮರೆಮಾಚಲಾರೆ. ಆ ಮುಖ ನೋಡಿಯೂ ಅದೇ ಡಬ್ಬಿಯನ್ನು ಅವಳ ಕೈಗಿಟ್ಟೆ.

ಮೂರನೆಯ ದಿನ ಫೋನ್ ಮಾಡಿದಳು. "ಪೂರಾ ಕಡಿಮಿ ಆತ್ರಿ ಅಕ್ಕಾ!"

ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಷ್ಟು ಉರಿ ಎರಡು ದಿನದಲ್ಲಿ ಇಳಿಯುವುದೆಂದರೆ ಅದು ಗುಲಾಬಿಯ ಕೆಲಸವಲ್ಲ. ಅದೇ ವಾರ ಇಂಡಿಯಿಂದ, ಚಳಿಗಾಲದಲ್ಲಿ ನಾನೇ ಮೇಕಪ್ ಮಾಡಿದ್ದ ಮದುಮಗಳು ಫೋನ್ ಮಾಡಿ ಅದೇ ಮಾತು ಹೇಳಿದಳು. ಕ್ರೀಮು ಮುಗಿದು ವಾರವಾಯಿತು, ಮಾರಿ ಬಾತಿದೆ, ಇನ್ನೊಂದು ಡಬ್ಬಿ ಕಳಿಸಿರಿ.

ವ್ಯಾಪಾರಿಗೆ ಫೋನ್ ಹಚ್ಚಿದೆ.

"ಎಲ್ಲಾ ಆಯುರ್ವೇದಿಕ್ ಐತ್ರಿ ಅಕ್ಕಾರ, ಬಿಂದಾಸ್ ಕೊಡ್ರಿ."

"ಇದರಾಗ ಏನೇನು ಹಾಕ್ಯಾರ, ಒಂದು ಕಾಗದದ ಮ್ಯಾಲ ಬರದು ಕೊಡ್ರಿ."

ಅವನು ನಕ್ಕ. "ಅದೆಲ್ಲಾ ಯಾಕ್ರಿ? ಕಲಿ ಹೋಗ್ಯಾವೋ ಇಲ್ಲೋ, ಅಷ್ಟು ಹೇಳ್ರಿ."

ಮರುದಿನ ಶಾಲೆಗೆ ರಜೆ ಹಾಕಿಸಿ ಹುಡುಗಿಯನ್ನು ವಿಜಯಪುರಕ್ಕೆ ಕರೆದೊಯ್ದೆ. ನಾನು ಬಾಗೇವಾಡಿಯಲ್ಲಿ ಬಸ್ ಹತ್ತಿದೆ, ಅವಳು ಮನಗೂಳಿಯಲ್ಲಿ ಹತ್ತಿದಳು. ನನ್ನ ಕೈಚೀಲದಲ್ಲಿ ಒಂದು ಡಬ್ಬಿಯಿತ್ತು. ಚರ್ಮದ ಡಾಕ್ಟರ್ ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಬೆಳಕಿರುವ ಭೂತಗನ್ನಡಿಯಿಂದ ಕೆನ್ನೆ ನೋಡಿದರು. ಬಾವು ಇಳಿದರೂ ಉಳಿದಿದ್ದ ಕೆಂಪಿನ ಮೇಲೆ ಚಿಕ್ಕ ಗಾಜಿನ ತುಂಡನ್ನು ಒತ್ತಿದರು. ಕೆಂಪು ಮಾಯವಾಯಿತು, ತೆಗೆದೊಡನೆ ಮರಳಿತು.

"ಇದು ಮೊಡವಿ ಅಲ್ಲ ತಂಗಿ. ಸ್ಟೀರಾಯ್ಡ್ ಹಚ್ಚಿ ಹಚ್ಚಿ ತೊಗಲು ತೆಳ್ಳಗಾಗೈತಿ. ಬಿಟ್ರ ಉರಿತೈತಿ, ಹಚ್ಚಿದ್ರ ಸುಮ್ಮನಾಗ್ತೈತಿ, ಹೌದಲ್ಲೋ? ಎಷ್ಟು ತಿಂಗಳಾತು?"

"ಐದು ತಿಂಗಳು ಸಮೀಪ ಬಂತ್ರಿ."

"ಕೊಟ್ಟವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿಬಿಟ್ಟಳು: "ಔಷಧ ಅಂಗಡ್ಯಾಗ ತಗೊಂಡಿದ್ನಿ ಮೇಡಮ್. ಯಾವುದು ಅಂತ ನೆಪ್ಪಿಲ್ರಿ."

ಡಾಕ್ಟರ್ ನನ್ನ ಕಡೆ ನೋಡಿದರು. "ನೀವು ಯಾರ್ರಿ?"

"ಪರಿಚಯದವರ್ರಿ," ಎಂದೆ.

ಚೀಟಿ ಬರೆದರು. ಒಮ್ಮೆಲೇ ಬಿಡದೆ ಹಗುರವಾದ ಇನ್ನೊಂದು ಮುಲಾಮನ್ನು ದಿನ ಬಿಟ್ಟು ದಿನ, ಆಮೇಲೆ ಎರಡು ದಿನ ಬಿಟ್ಟು ಹಚ್ಚಿ ನಿಲ್ಲಿಸಬೇಕು. ನುಂಗಲು ಗುಳಿಗೆ. ವಾಸನೆಯಿಲ್ಲದ ಒಂದು ಮಾಯಿಶ್ಚರೈಸರ್. ಬಿಸಿನೀರು, ಸೋಪು, ಸ್ಟೀಮ್, ಪೀಲ್ ಯಾವುದೂ ಬೇಡ. "ಮೂರು ತಿಂಗಳು ತ್ರಾಸ ಆಗ್ತೈತಿ. ವರ್ಷಾನೂ ಹಿಡೀಬಹುದು. ತಡಕೋಬೇಕು," ಎಂದರು.

ಔಷಧ ತೆಗೆದುಕೊಂಡು ರಸ್ತೆಗೆ ಬಂದೆವು. "ಯಾಕ ಸುಳ್ಳು ಹೇಳಿದಿ?" ಎಂದು ಕೇಳಿದೆ.

"ನಿಮ್ಮ ಹೆಸರು ಹೇಳಿದ್ರ ನಿಮ್ಮ ಅಂಗಡಿ ಬಂದ್ ಆಗ್ತಿತ್ತಲ್ರಿ," ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಉಪಕಾರ ಮಾಡಿದ ಭಾವವೂ ಇರಲಿಲ್ಲ. ಬಿಸಿಲಿಗೆ ಮುಖ ಉರಿಯುತ್ತಿತ್ತು, ದುಪಟ್ಟಾವನ್ನು ಚರ್ಮಕ್ಕೆ ತಾಗದ ಹಾಗೆ ಎರಡು ಕೈಯಿಂದ ಎತ್ತಿ ಹಿಡಿದು ನಿಂತಿದ್ದಳು. ಆ ಎತ್ತಿದ ಕೈಗಳನ್ನು ನೋಡಿದ ಮೇಲೆ ನನಗೆ ಬಸ್ ಹತ್ತಲಾಗಲಿಲ್ಲ. ಅವಳನ್ನು ದವಾಖಾನೆಯ ನೆರಳಲ್ಲಿ ಕೂರಿಸಿ ಮತ್ತೆ ಮೇಲೆ ಹೋದೆ. ಇನ್ನೊಂದು ಚೀಟಿ ಮಾಡಿಸಿ, ಒಂದೂವರೆ ತಾಸು ಪಾಳಿ ಕಾದೆ.

ಒಳಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. "ಕೊಟ್ಟಾಕಿ ನಾನ್ರಿ."

ಡಾಕ್ಟರ್ ಮುಚ್ಚಳ ತೆರೆದು ಮೂಸಿದರು. "ಎಷ್ಟು ಮಂದಿಗೆ ಕೊಟ್ಟೀರಿ?"

"ಇಪ್ಪತ್ತರ ಮ್ಯಾಲ ಇರಬೇಕ್ರಿ."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. "ಬೈದು ನನ್ನ ಟೈಮ್ ಹಾಳು ಮಾಡೂದಿಲ್ಲ. ಕೇಳ್ರಿ. ಬಿಸಾಕ್ರಿ ಅಂತಷ್ಟ ಹೇಳಿದ್ರ ನಡಿಯೂದಿಲ್ಲ. ಬಿಟ್ಟ ನಾಕು ದಿನಕ್ಕ ಉರಿತೈತಿ, ಹೆದರಿ ಇನ್ನೊಂದು ಕಡೆ ಅಂಥಾದ್ದ ತಗೋತಾರ. ಒಬ್ಬೊಬ್ಬರದು ಒಂದೊಂದು ಥರಾ ಬಿಡಿಸಬೇಕು. ಅದು ನಿಮ್ಮ ಕೆಲಸ ಅಲ್ಲ, ನಮ್ಮದು. ನೀವು ಅವರನ್ನ ದವಾಖಾನಿಗೆ ಮುಟ್ಟಸ್ರಿ. ಬಸುರಿ, ಬಾಣಂತಿ ಯಾರರೆ ಇದ್ರ ಮೊದಲು ಅವರು. ಮತ್ತ ಈ ಡಬ್ಬಿ ಬಗ್ಗೆ ಔಷಧ ಇಲಾಖೆಗೆ ಲಿಖಿತ ಕೊಡ್ರಿ. ನಿಮ್ಮ ಹೆಸರು ಹಾಕಿ."

ಸಂಜೆ ಪಾರ್ಲರಿನಲ್ಲಿ ಕೂತು ಅಪಾಯಿಂಟ್‌ಮೆಂಟ್ ಡೈರಿ ತಿರುವಿ ಹೆಸರು ಬರೆದೆ. ಇಪ್ಪತ್ಮೂರು. ಬಾಗೇವಾಡಿ, ಮನಗೂಳಿ ಸೇರಿ ಒಂಬತ್ತು. ಉಳಿದವರು ಇಂಡಿ, ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳ. ಮೊದಲು ಫೋನಿನಲ್ಲೇ ಹೇಳಿ ನೋಡಿದೆ. ತಾಳಿಕೋಟೆಯ ಒಬ್ಬಾಕೆ "ಆತು ಬಿಡ್ರಿ" ಎಂದು ಇಟ್ಟಳು. ನಾನು ಡಬ್ಬಿ ಉಳಿಸಿ ಬೇರೆ ಗಿರಾಕಿಗಳಿಗೆ ಕೊಡಲೆಂದು ಹೀಗೆ ಹೇಳುತ್ತಿದ್ದೇನೆಂದು ತಿಳಿದು, ಅದೇ ದಿನ ಪರಿಚಯದವರ ಬಳಿಯಿದ್ದ ಡಬ್ಬಿಯನ್ನೂ ಆಕೆ ಎತ್ತಿಟ್ಟುಕೊಂಡಳೆಂದು ಆಮೇಲೆ ತಿಳಿಯಿತು. ಫೋನಿನ ಕೆಲಸ ಇದಲ್ಲ ಎಂದುಕೊಂಡೆ. ಪಾರ್ಲರಿನ ಬಾಗಿಲಿಗೆ ಬೀಗ ಹಾಕಿ ಹೊರಟೆ.

ಇಂಡಿಯಲ್ಲಿ ಬಾಗಿಲು ತೆರೆದವರು ಮದುಮಗಳ ಅತ್ತೆ. ಒಳಗಿನಿಂದ ಬಂದ ಸೊಸೆ ಅವರ ಹೆಗಲ ಹಿಂದೆ ನಿಂತು, ಹೇಳಬೇಡಿರಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಈ ದಾರಿಯಲ್ಲಿ ಬೇರೆ ಕೆಲಸವಿತ್ತು, ಹಾಗೇ ಬಂದೆ ಎಂದೆ. ಚಹಾ ಬಂತು. ಅತ್ತೆ ನನ್ನೆದುರು ಕೂತೇ ಇದ್ದರು. ಕೊನೆಗೆ ಸೊಸೆ "ತಲಿಗೂದಲು ಉದುರಾಕತ್ತೈತಿ, ಅಕ್ಕಾರಿಗೆ ತೋರಸ್ತೇನಿ" ಎಂದು ಒಳಗೆ ಕರೆದೊಯ್ದಳು. ಬಾಗಿಲು ಓರೆ ಮಾಡಿ ಪಿಸುಗುಟ್ಟಿದಳು: "ನಾ ಹುಟ್ಟಾ ಹಿಂಗ ಅದೇನಿ ಅಂತ ತಿಳದಾರ್ರಿ ಇವರು. ಕ್ರೀಮ್ ಅಂತ ಗೊತ್ತಾದ್ರ ಜಲ್ಮಪೂರ್ತಿ ಆಡ್ಕೋತಾರ."

"ತವರಮನಿಗೆ ಅಂತ ಹೇಳಿ ಬಾ. ಬಸ್‌ಸ್ಟ್ಯಾಂಡಿನಿಂದ ನಾನ ಕರಕೊಂಡು ಹೋಗ್ತೇನಿ."

ಬಂದಳು, ಎಂಟು ದಿನ ತಡವಾಗಿ.

ಸಿಂದಗಿಯಲ್ಲಿ ಒಬ್ಬ ಟೇಲರ್ ಹೆಂಗಸಿದ್ದಳು. ನಾನು ಹೇಳಿದ್ದನ್ನೆಲ್ಲ ಮಶೀನು ನಿಲ್ಲಿಸದೆ ಕೇಳಿದಳು. ಅಂಚು ಮುಗಿಸಿ, ದಾರ ಕತ್ತರಿಸಿ, ತಲೆ ಎತ್ತಿದಳು. "ನನ್ನ ಮಾರಿ ನೋಡ್ರಿ. ಚಲೋ ಐತಿಲ್ಲೋ?"

ಚಲೋ ಇತ್ತು. ಹೊಳೆಯುತ್ತಿತ್ತು. ಅದೇ ಅಪಾಯ.

"ಈಗ ಚಲೋ ಐತ್ರಿ. ಮುಂದ..."

"ಕೊಟ್ಟಾಕಿನೂ ನೀವ, ಬ್ಯಾಡ ಅನ್ನಾಕಿನೂ ನೀವ. ಯಾವ ಮಾತು ನಂಬ್ಲಿ?"

ಡಾಕ್ಟರರ ವಿಳಾಸ ಬರೆದ ಚೀಟಿಯನ್ನು ಮಶೀನಿನ ಮೇಲಿಟ್ಟು ಬಂದೆ. ಡಬ್ಬಿ ಆಕೆ ಕೊಡಲಿಲ್ಲ. ಇವತ್ತಿಗೂ ಆಕೆ ಏನು ಮಾಡಿದಳೆಂದು ನನಗೆ ಗೊತ್ತಿಲ್ಲ. ಎರಡು ಸಲ ಹೋದೆ, ಎರಡೂ ಸಲ ಅಂಗಡಿ ಮುಚ್ಚಿತ್ತು.

ಮುದ್ದೇಬಿಹಾಳದ್ದು ಕೊನೆಯ ಹೆಸರು. ಆಕೆ ಅಂಗನವಾಡಿ ಸಹಾಯಕಿ, ನಗುಮುಖದವಳು. ಮುಖ ನೋಡಿದೆ, ಏನೂ ಆಗಿರಲಿಲ್ಲ. ಬದುಕಿದೆ ಅಂದುಕೊಂಡೆ.

"ನಾ ಹಚ್ಕೊಳ್ಳಾಕ ಹೋಗಲಿಲ್ರಿ," ಎಂದಳು. "ತಂಗಡಗ್ಯಾಗ ನನ್ನ ತಂಗಿ ಬಾಣಂತಿ ಅದಾಳ. ಆಕಿ ಒಯ್ದಾಳ. ಕೂಸಿಗೆ ತೊಡಿಸಂದ್ಯಾಗ ಕೆಂಪಾಗಿತ್ತು, ಅದಕ್ಕ ಹಚ್ಚಾಕತ್ತಾಳ. ಭಾಳ ಚಲೋ ಐತಂತ್ರಿ ನಿಮ್ಮ ಕ್ರೀಮ್."

ಕೈಚೀಲ ಎತ್ತಿಕೊಂಡೆ. "ಕೂಸಿಗೆ ಎಷ್ಟು ತಿಂಗಳು?"

"ಐದು."

ಒಂದು ಆಟೋ ಹಿಡಿದು ಇಬ್ಬರೂ ತಂಗಡಗಿಗೆ ಹೋದೆವು. ಮಧ್ಯಾಹ್ನದ ಹೊತ್ತು. ಕೂಸು ತೊಟ್ಟಿಲಲ್ಲಿ ಕಾಲು ಬಡಿಯುತ್ತ ಆಡುತ್ತಿತ್ತು. ತಾಯಿ ಬಟ್ಟೆ ಸರಿಸಿ ತೋರಿಸಿದಳು. ತೊಡೆಯ ಸಂದಿಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಮಿನುಗುತ್ತಿತ್ತು. ಸುತ್ತ ಉಂಗುರದ ಹಾಗೆ ಹೊಸ ಕೆಂಪು ಹಬ್ಬಿತ್ತು.

"ಹಚ್ಚಿದ ಎರಡ ದಿನಕ್ಕ ಮಾಯ ಆಗಿತ್ರಿ. ಬಿಟ್ರ ಮತ್ತ ಬರ್ತೈತಿ ಅಂತ ಬಿಡದಂಗ ಹಚ್ಚೇನಿ. ಹದಿನೆಂಟು ದಿನಾತು."

ಅಂಗಳಕ್ಕೆ ಬಂದು ಚರ್ಮದ ಡಾಕ್ಟರಿಗೆ ಫೋನ್ ಮಾಡಿದೆ. ಪೂರ್ತಿ ಹೇಳಲು ಬಿಡಲಿಲ್ಲ ಅವರು. "ಕೂಸಿನ ಮೈಯಾಗ ಅದು ಒಳಗ ಇಳಿತೈತಿ. ಇವತ್ತ ಮಕ್ಕಳ ಡಾಕ್ಟರಿಗೆ ತೋರಸ್ರಿ. ನಾ ಅವರಿಗೆ ಹೇಳಿಡ್ತೇನಿ. ನಾಳೆ ಅನ್ನಬ್ಯಾಡ್ರಿ."

ಮನೆಯ ಮುದುಕಿ ಒಪ್ಪಲಿಲ್ಲ. "ಕೂಸಿಗೇನಾಗೈತಿ? ಆಡಾಕತ್ತೈತಿ, ಹಾಲು ಕುಡಿಯಾಕತ್ತೈತಿ. ಈ ಬಿಸಿಲಾಗ ವಿಜಾಪುರಕ್ಕ ಒಯ್ಯೂ ಅಂಥಾದ್ದೇನು?" ಅವರ ಮಾತಿಗೆ ಸೊಸೆಯೂ ತೊಟ್ಟಿಲ ಹಗ್ಗ ಹಿಡಿದು ನಿಂತಳು. ಇಷ್ಟು ದಿನ ನಾನು ಎಲ್ಲರ ಮನೆಯಲ್ಲೂ 'ಆ ಕ್ರೀಮು ಸರಿಯಿಲ್ಲವಂತೆ' ಎನ್ನುತ್ತಿದ್ದೆ, ಬೇರೆ ಯಾರೋ ಮಾಡಿದ್ದರ ಸುದ್ದಿ ತಂದವಳ ಹಾಗೆ. ಅಂದು ಆ ಮಾತು ಸಾಲಲಿಲ್ಲ. ಮುದುಕಿಯ ಎದುರು ನೆಲದ ಮೇಲೆ ಕೂತೆ.

"ಯವ್ವಾ, ಒಳಗ ಏನೈತಿ ಅಂತ ಗೊತ್ತಿಲ್ಲದ ನಾ ಅದನ್ನ ಕೊಟ್ಟೇನಿ. ತಪ್ಪು ನನ್ನದು, ನಿಮ್ಮ ಸೊಸಿದಲ್ಲ. ಕೂಸಿಗೆ ಏನೂ ಆಗಿಲ್ಲ ಅಂದ್ರ ನನ್ನ ಬೈರಿ, ಹೊಡೀರಿ. ಆದ್ರ ಇವತ್ತ ತೋರಿಸಬೇಕು."

ಮುದುಕಿ ಎದ್ದು ಗೋಡೆಯ ಗೂಟದಿಂದ ಕುಂಚಿಗೆ ತೆಗೆದು ಕೂಸಿನ ತಲೆಗೆ ಕಟ್ಟಿದರು.

ವಿಜಯಪುರಕ್ಕೆ ಹಿಡಿದ ಬಾಡಿಗೆ ಜೀಪಿನಲ್ಲಿ ಕೂಸು ತಾಯಿಯ ತೊಡೆಯ ಮೇಲೆ ಮಲಗಿತ್ತು. ನಾನು ಎದುರು ಕೂತು ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಮಕ್ಕಳ ಡಾಕ್ಟರ್ ತೂಕ ಮಾಡಿದರು, ಮೈಯೆಲ್ಲ ತಡವಿದರು. ಮೂಲದಲ್ಲಿ ಅದು ಬೂಷ್ಟಿನ ಸೋಂಕು, ಫಂಗಸ್, ಕ್ರೀಮು ಮೇಲಿನ ಕೆಂಪನ್ನು ಅಳಿಸಿ ಅದನ್ನು ಹಬ್ಬಲು ಬಿಟ್ಟಿದೆ ಎಂದರು. ಮೈಯೊಳಗೆ ಎಷ್ಟು ಇಳಿದಿದೆ ಎಂದು ತಿಳಿಯಲು ರಕ್ತ ಪರೀಕ್ಷೆ ಬೇಕು, ಅದನ್ನು ಮುಂಜಾನೆ ಎಂಟಕ್ಕೇ ತೆಗೆಯಬೇಕು. ಅಲ್ಲೇ ಉಳಿದೆವು. ಮುಂಜಾನೆ ಸೂಜಿ ಚುಚ್ಚಿದಾಗ ಕೂಸು ಅತ್ತ ಸದ್ದು ನನಗೆ ಈಗಲೂ ಒಮ್ಮೊಮ್ಮೆ ಪಾರ್ಲರಿನಲ್ಲಿ ಕೆಲಸ ಮಾಡುವಾಗ ಕೇಳಿಸುತ್ತದೆ. ರಿಪೋರ್ಟ್ ಬರುವುದು ಮಾರನೆಯ ದಿನ.

ದವಾಖಾನೆಯ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದಾಗ ತಾಯಿ ಕೇಳಿದಳು. "ಅಕ್ಕಾರ, ನಿಮಗ ಮಕ್ಕಳದಾವೇನ್ರಿ?"

"ಒಬ್ಬಾಕಿ ಮಗಳದಾಳ. ಹದಿನಾರು."

"ಆಕಿಗೆ ಮೊಡವಿ ಅದಾವೇನ್ರಿ?"

"ಅದಾವ."

"ಆಕಿಗೆ ಹಚ್ಚೀರೇನ್ರಿ ಆ ಕ್ರೀಮ್?"

ಅವಳು ಚುಚ್ಚಲೆಂದು ಕೇಳಿರಲಿಲ್ಲ. ಹಚ್ಚಿದ್ದರೆ, ಮಗಳು ಚೆನ್ನಾಗಿದ್ದರೆ, ತನ್ನ ಕೂಸಿಗೂ ಏನಾಗದು ಎಂಬ ಧೈರ್ಯಕ್ಕೆ ಕೇಳಿದ್ದಳು. "ಇಲ್ಲ," ಎಂದೆ. ಯಾಕೆ ಹಚ್ಚಲಿಲ್ಲ ಎಂದು ಅವಳು ಕೇಳಲಿಲ್ಲ. ನಾನೇ ಕೇಳಿಕೊಂಡೆ. ಒಂದು ಸಲ ಮಗಳೇ ಆ ಡಬ್ಬಿ ಎತ್ತಿಕೊಂಡಾಗ "ನಿನಗ ಬ್ಯಾಡ, ಇಡು" ಎಂದು ಕಸಿದುಕೊಂಡಿದ್ದೆ. ಆಗ ನನ್ನ ಕೈಗೆ ಗೊತ್ತಿದ್ದದ್ದು ನನ್ನ ಬಾಯಿಗೆ ಬಂದಿರಲಿಲ್ಲ. ಗೊತ್ತಿರಲಿಲ್ಲ ಎಂದು ಹದಿನೈದು ದಿನದಿಂದ ಮನೆ ಮನೆಗೆ ಹೇಳಿಕೊಂಡು ಬಂದ ಮಾತು ಅರ್ಧ ಸುಳ್ಳಾಗಿತ್ತು.

ರಿಪೋರ್ಟ್ ಬಂತು. ಡಾಕ್ಟರ್ ಹಾಳೆಯನ್ನು ಎರಡು ಸಲ ನೋಡಿ, "ಬಚಾವ್ ಆಗೈತಿ. ಎರಡು ವಾರ ಬಿಟ್ಟು ಮತ್ತ ಕರಕೊಂಡು ಬರ್ರಿ" ಎಂದರು. ತಾಯಿ ಕೂಸನ್ನು ಎದೆಗೊತ್ತಿಕೊಂಡು ಅಲ್ಲಿಯೇ ಅತ್ತಳು. ನಾನು ಹೊರಗೆ ಬಂದು ನಳದ ಕೆಳಗೆ ಮುಖವಿಟ್ಟು ನಿಂತೆ.

ಅಲ್ಲಿಂದ ನೇರ ಔಷಧ ಇಲಾಖೆಯ ಕಚೇರಿಗೆ ಹೋದೆ. ಎರಡು ಡಬ್ಬಿ, ವ್ಯಾಪಾರಿಯ ಹೆಸರು, ಫೋನ್ ನಂಬರು ಕೊಟ್ಟೆ. ಅಧಿಕಾರಿ ಅರ್ಜಿ ಓದಿ, "ಅವನು ನಿಮಗ ಕೊಟ್ಟ. ನೀವೂ ಮಂದಿಗೆ ಕೊಟ್ಟೀರಲ್ಲ?" ಎಂದರು.

"ಹೌದ್ರಿ."

"ಅದನ್ನೂ ಬರೀರಿ."

ಬರೆದೆ. ಕೆಲವು ದಿನಕ್ಕೆ ನನಗೂ ನೋಟಿಸ್ ಬಂತು, ಉತ್ತರ ಕೊಟ್ಟೆ. ವ್ಯಾಪಾರಿಯ ಫೋನ್ ಬಂದ್ ಆಯಿತು, ಅಂಗಡಿಯ ಶಟರ್ ಇಳಿಯಿತು. ಬೇರೆ ಊರಲ್ಲಿ ಬೇರೆ ಡಬ್ಬಿಯಲ್ಲಿ ಅದೇ ಕ್ರೀಮು ಹೋಗುತ್ತಿರಬಹುದು. ನನ್ನ ವಾಟ್ಸಪ್ ಸ್ಟೇಟಸ್ಸಿನಲ್ಲಿ ನಾನು ಕೊಟ್ಟ ಕ್ರೀಮಿನಲ್ಲಿ ಸ್ಟೀರಾಯ್ಡ್ ಇತ್ತು, ತೆಗೆದುಕೊಂಡವರು, ಅವರಿಂದ ಪಡೆದವರು ಎಲ್ಲರೂ ನನಗೆ ಫೋನ್ ಮಾಡಿರಿ ಎಂದು ಬರೆದು ಒಂದು ತಿಂಗಳು ದಿನಾ ಹಾಕಿದೆ. ಇಪ್ಪತ್ಮೂರರ ಹೊರಗಿನ ನಾಲ್ವರು ಹಾಗೆ ಸಿಕ್ಕರು. ಬರುತ್ತಿದ್ದವರಲ್ಲಿ ಬಹಳ ಜನ ಬರುವುದು ಬಿಟ್ಟರು.

ಈ ನಡುವೆ ಮನಗೂಳಿಯ ಹುಡುಗಿಯ ಮುಖ ಉರಿಯುತ್ತಲೇ ಇತ್ತು. ಮುಲಾಮು ಪೂರ್ತಿ ನಿಲ್ಲಿಸಿದ ಮೂರನೆಯ ವಾರ ಅತಿ ಕೆಟ್ಟದ್ದು. ಕೆನ್ನೆ ಒಡೆದು ನೀರು ಒಸರುತ್ತಿತ್ತು. ಗಾಳಿ ಬಡಿದರೂ ತಡೆಯುತ್ತಿರಲಿಲ್ಲ. ಆದರೂ ಬೇಸಿಗೆ ರಜೆಯಲ್ಲಿ ಶಾಲೆ ನಡೆಸುತ್ತಿದ್ದ ಮಕ್ಕಳ ಶಿಬಿರ ಬಿಡಲಿಲ್ಲ. ದಿನಾ ಮುಂಜಾನೆ ಶಾಲೆಗೆ ಹೊರಡುವ ಮುಂಚೆ ನನಗೆ ಫೋನ್ ಮಾಡುತ್ತಿದ್ದಳು. ಒಂದು ದಿನ ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ಅಡಗಿಮನಿ ಗೂಡಿನಾಗ ಹಳೇ ಡಬ್ಬಿ ಸಿಕ್ಕೈತಿ. ತಳದಾಗ ತುಸು ಐತಿ. ಒಂದ ಸಲ ಹಚ್ಕೊಳ್ಳಲೇನ್ರಿ? ಒಂದ ಸಲ."

"ಎಲ್ಲಿ ನಿಂತಿ ಈಗ?"

"ಹಿತ್ತಲದಾಗ."

"ಡಬ್ಬಿ ಕೈಯಾಗ ಐತೇನು?"

"ಐತ್ರಿ."

"ಫೋನ್ ಇಡಬ್ಯಾಡ. ಬಚ್ಚಲಕ್ಕ ಹೋಗು. ನೀರು ಬಿಡು. ಬೆರಳು ಹಾಕಬ್ಯಾಡ, ಕಡ್ಡೀಲೆ ತೆಗೆದು ತೊಳಿ. ನಾ ಕೇಳಸ್ಕೋತ ನಿಂದರ್ತೇನಿ."

ತಂಬಿಗೆಯ ಸದ್ದು, ನೀರಿನ ಸದ್ದು, ಕಡ್ಡಿ ಡಬ್ಬಿಗೆ ತಾಗುವ ಸದ್ದು. ಆಮೇಲೆ ಅಳು. "ತೊಳದ್ನಿ," ಎಂದಳು.

ಆ ವಾರವೇ ಅವಳ ತಾಯಿ ಪಾರ್ಲರಿಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಕುರ್ಚಿಯಲ್ಲಿ ಒಬ್ಬ ಗಿರಾಕಿ ಇದ್ದಳು. "ನನ್ನ ಮಗಳ ಮಾರಿ ನಿನಗ ಫೋಟೋಕ್ಕ ಬೇಕಾಗಿತ್ತು, ಹೌದಲ್ಲೋ? ಈಗ ಹಾಕು ಫೋಟೋ. ಹಾಕು!" ಎಂದರು. ಇಷ್ಟೇ ಹೇಳಿ ಇಳಿದು ಹೋದರು. ಗಿರಾಕಿ ಅರ್ಧಕ್ಕೆ ಎದ್ದಳು. ನಾನು ಮೆಟ್ಟಿಲು ಇಳಿದು ಹಿಂದೆ ಓಡಿದೆ, ಬಸ್ ಸ್ಟ್ಯಾಂಡಿನ ತನಕ ಅವರ ಪಕ್ಕದಲ್ಲಿ ನಡೆದೆ. ಅವರು ತಿರುಗಿ ನೋಡದೆ ಮನಗೂಳಿಯ ಬಸ್ ಹತ್ತಿದರು.

ಜೂನ್ ಹೊತ್ತಿಗೆ ಬಾವು ಇಳಿಯಿತು. ಕೆಂಪು ಒಂದೊಂದೇ ಬೆರಳಗಲ ಹಿಂದೆ ಸರಿಯಿತು. ಅದರ ಅಡಿಯಿಂದ ಹಳೆಯ ಮೊಡವೆ ಕಲೆಗಳು ಎಲ್ಲಿದ್ದವೋ ಅಲ್ಲಿಯೇ ಮರಳಿ ಬಂದವು, ಕೆಲವು ಮೊದಲಿಗಿಂತ ಗಾಢವಾಗಿ. ಐದು ತಿಂಗಳು ಕ್ರೀಮು ಅವನ್ನು ಮುಚ್ಚಿಟ್ಟಿತ್ತು, ಅಳಿಸಿರಲಿಲ್ಲ. ಚರ್ಮ ಗಟ್ಟಿಯಾದ ಮೇಲೆ ಡಾಕ್ಟರ್ ನಿಜವಾದ ಕಲೆಯ ಚಿಕಿತ್ಸೆ ಶುರು ಮಾಡಿದರು. ವಾರಕ್ಕೆ ಎರಡು ಸಲ, ಬಟಾಣಿ ಗಾತ್ರದಷ್ಟು ಒಂದು ಮುಲಾಮು, ದಿನಾ ಸನ್‌ಸ್ಕ್ರೀನ್. ಎಷ್ಟು ದಿನ ಎಂದು ಹುಡುಗಿ ಕೇಳಿದಾಗ "ಅವಸರ ಮಾಡಿದ್ರ ಇನ್ನೂ ತಡ ಆಗ್ತೈತಿ" ಎಂದಷ್ಟೇ ಹೇಳಿದರಂತೆ.

ಶ್ರಾವಣದ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿಕೊಂಡು ಅವಳು ಪಾರ್ಲರಿಗೆ ಬಂದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಗೆಲ್ಲ ಹೆಚ್ಚಿನ ಮಧ್ಯಾಹ್ನಗಳು ಹಾಗೇ ಇರುತ್ತಿದ್ದವು. ಬಾಗೇವಾಡಿಯಲ್ಲಿ ಇನ್ನೂ ಮೂರು ಪಾರ್ಲರ್ ಇವೆ, ಮನಗೂಳಿಯಲ್ಲೂ ಒಂದಿದೆ. ಅವಳು ಅಲ್ಲಿಗೆ ಹೋಗಬಹುದಿತ್ತು.

"ಹುಬ್ಬು ಮಾಡ್ರಿ ಅಕ್ಕಾ," ಎಂದಳು. "ಮಾರಿಗೆ ಏನೂ ಹಚ್ಚಬ್ಯಾಡ್ರಿ."

"ದಾರ ಎಳಿಯೂ ಮೊದಲು ತುಸು ಪೌಡರ್..."

"ಪೌಡರೂ ಬ್ಯಾಡ."

"ಡಾಕ್ಟರ್‌ನ ಕೇಳೀಯೇನು? ದಾರ ನಡೀತೈತಂತ?"

"ಕೇಳೇ ಬಂದೇನ್ರಿ. ಹುಬ್ಬಿಗಷ್ಟ ನಡೀತೈತಂತ."

ಕೈಯನ್ನು ಮೊಣಕೈ ತನಕ ತೊಳೆದು ಒಣ ಬಟ್ಟೆಯಿಂದ ಒರೆಸಿಕೊಂಡೆ. ಹೊಸ ರೀಲಿನಿಂದ ದಾರ ಮುರಿದು, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಬೆರಳಿಗೆ ಸುತ್ತಿದೆ. ಅವಳು ತಲೆಯನ್ನು ಹಿಂದಕ್ಕೆ ಒರಗಿಸಿ, ಹುಬ್ಬಿನ ಮೇಲೆ ಒಂದು ಬೆರಳು, ರೆಪ್ಪೆಯ ಮೇಲೆ ಒಂದು ಬೆರಳಿಟ್ಟು ಚರ್ಮವನ್ನು ಬಿಗಿಹಿಡಿದು ಕಣ್ಣು ಮುಚ್ಚಿದಳು.

ನನ್ನ ಕೈ ಅವಳ ಕೆನ್ನೆಗೆ ತಾಗದ ಹಾಗೆ ಎತ್ತಿ ಹಿಡಿದು, ದಾರವನ್ನು ಹುಬ್ಬಿಗೆ ತಂದೆ. ಅವಳು ಕಣ್ಣು ತೆರೆಯಲಿಲ್ಲ.